ಪಕ್ಕದ ತೋಟದ ನಾಯಿ ಮರಿ ಹಾಕಿದೆ: ನೆರವಾಗುವುದು ಹೇಗೆ?

ಮಳೆ ಹಿಂದೆ ಸರಿಯುವ ಭಾದ್ರಪದದಿಂದ ಕಾರ್ತಿಕದವರೆಗಿನ ದಿನಗಳಲ್ಲಿ ನಮ್ಮ ಹಳ್ಳಿಗಳ ಹೆಣ್ಣುನಾಯಿಗಳಲ್ಲಿ ಹೆಚ್ಚಿನವು ಬೆದೆಗೆ ಬರುತ್ತವೆ. ನಾಯಿ ಗರ್ಭ ಹೊರುವುದು ಸುಮಾರು 63 ದಿನ. ಆದ್ದರಿಂದ ಮರಿಗಳು ಹುಟ್ಟುವ ಹೊತ್ತಿಗೆ ಊರಿನಲ್ಲಿ ಮಾರ್ಗಶಿರ, ಪುಷ್ಯದ ಚಳಿ ಬಿಗಿದಿರುತ್ತದೆ. ಬೀದಿಯಲ್ಲಿ ಬೆಳೆದ ನಾಯಿಯಾದರೆ ತಿಪ್ಪೆಯ ಮಗ್ಗುಲನ್ನೋ ನೀರೊಲೆಯ ಬೂದಿಯನ್ನೋ ಹುಡುಕಿಕೊಂಡು ಬೆಚ್ಚಗೆ ಮಲಗುತ್ತದೆ. ತೋಟ ಕಾಯಲೆಂದು ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿಗೆ ಆ ಅನುಕೂಲವಿಲ್ಲ.

ಕಳೆದ ಪುಷ್ಯದಲ್ಲಿ ತಿಪಟೂರು ಕಡೆಯ ಒಂದು ತೆಂಗಿನ ತೋಟದಲ್ಲಿ ನಾನು ಕಂಡ ನಾಯಿ ಅಂಥದ್ದು. ಮೋಟಾರು ಮನೆಯ ಪಕ್ಕದ ಗೂಟಕ್ಕೆ ಒಂದು ಮಾರು ಉದ್ದದ ಸರಪಳಿ, ಒಣಗಿದ ಗರಿಗಳ ರಾಶಿಯ ಕೆಳಗೆ ಐದು ಮರಿ. ಇನ್ನೂ ಕಣ್ಣು ಬಿಡದ ಒಂದು ಮರಿ ತೆವಳುತ್ತ ಸರಪಳಿಯ ಅಳತೆಯಿಂದ ಗೇಣುದೂರ ಆಚೆಗೆ ಹೋಗಿಬಿಟ್ಟಿತ್ತು. ತಾಯಿ ಮುಂಗಾಲು ಚಾಚಿ, ಕೊರಳ ಪಟ್ಟಿ ಉಸಿರು ಕಟ್ಟುವಷ್ಟು ಬಿಗಿಯುವವರೆಗೆ ಎಳೆದು, ಮೂತಿ ಮುಟ್ಟದೆ ಹಿಂದಕ್ಕೆ ಬಂದು ಮಲಗುತ್ತಿತ್ತು. ಮರಿ ಕೂಗಿದಾಗ ಮತ್ತೆ ಏಳುತ್ತಿತ್ತು. ಅಲ್ಯೂಮಿನಿಯಂ ತಟ್ಟೆಯಲ್ಲಿ ಒಣಗಿ ಅಂಟಿದ ನಾಲ್ಕು ಅಗುಳು ಅನ್ನವಿತ್ತು, ನೀರಿರಲಿಲ್ಲ.

ಇಂಥದ್ದನ್ನು ಕಂಡವರಿಗೆ ಮರಿಗಳನ್ನು ಎತ್ತಿಕೊಂಡು ಹೋಗಬೇಕೆನಿಸುವುದು, ಇಲ್ಲವೇ ಯಜಮಾನರ ಮೇಲೆ ದೂರು ಕೊಡಬೇಕೆನಿಸುವುದು ಸಹಜ. ಆದರೆ ಮೂರು ವಾರದೊಳಗಿನ ಮರಿಗಳು ಬದುಕುವುದು ತಾಯಿಯ ಮೂಲಕ. ಕಟ್ಟಿಹಾಕಿದ ತಾಯಿಗೆ ದಿನನಿತ್ಯದ ನೆರವು ತಲುಪುವುದು ಯಜಮಾನರ ಒಪ್ಪಿಗೆಯ ಮೂಲಕ. ಹಾಗಾಗಿ ಮೊದಲು ನೆರೆಯವರು, ಆಮೇಲೆ ತಾಯಿ, ಆಮೇಲೆ ಮರಿಗಳು ಎಂಬ ಕ್ರಮದಲ್ಲಿಯೇ ವಿಷಯವನ್ನು ನೋಡೋಣ.

ನಿರ್ಲಕ್ಷ್ಯ ಎಂದು ಕಾನೂನು ಯಾವುದನ್ನು ಕರೆಯುತ್ತದೆ?

ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂದಿತು. ಹೊಡೆಯುವುದು ಬಡಿಯುವುದು ಮಾತ್ರ ಕ್ರೌರ್ಯ ಎಂಬ ಸಾಮಾನ್ಯ ತಿಳಿವಳಿಕೆಗಿಂತ ಈ ಕಾಯ್ದೆಯ ನೋಟ ವಿಶಾಲವಾಗಿದೆ. ಅದರ 11ನೇ ಕಲಮಿನ ಪ್ರಕಾರ, ಸಾಕಿದವರು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ನೆರಳು ಕೊಡದಿರುವುದೂ, ತೀರ ಗಿಡ್ಡನೆಯ ಅಥವಾ ಭಾರವಾದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಡುವುದೂ, ಸದಾ ಕಟ್ಟಿರುವ ನಾಯಿಯನ್ನು ಸ್ವಲ್ಪವಾದರೂ ಅಡ್ಡಾಡಿಸದಿರುವುದೂ ಅಪರಾಧವೇ. ಆದರೆ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದಶಕಗಳ ಹಿಂದಿನ ರೂಪಾಯಿಯ ಬೆಲೆಗೆ ನಿಗದಿಯಾದ ಮೊತ್ತವದು. ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದು ಬೇರೆಯೇ ಅಪರಾಧ. ಅದಕ್ಕೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಸೆರೆವಾಸವಿದೆ. ಅಂಥ ಸಂದರ್ಭದಲ್ಲಿ ಪೊಲೀಸರಿಗೆ ತಿಳಿಸುವುದೇ ಸರಿ.

ಕಾನೂನಿನ ಇನ್ನೊಂದು ಮಗ್ಗುಲನ್ನೂ ನೆರವಾಗುವವರು ತಿಳಿದಿರಬೇಕು. ಕೊಟ್ಟಿಗೆಯ ಹಸುವಿನಂತೆ ಸಾಕುನಾಯಿಯೂ ಯಜಮಾನರ ಸ್ವತ್ತು. ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ ಕೇಳದೆ ಬಿಚ್ಚಿಕೊಂಡು ಹೋದರೆ ಅದು ಕಳವಿನ ದೂರಿಗೆ ದಾರಿಯಾಗಬಹುದು, ಬೇಲಿ ದಾಟಿದ್ದು ಅತಿಕ್ರಮವಾಗಬಹುದು. ಒಮ್ಮೆ ಊರಿನಲ್ಲಿ ಜಗಳ ಹುಟ್ಟಿಕೊಂಡರೆ ನಾಯಿಯ ತಟ್ಟೆಗೆ ಮರುದಿನ ಅನ್ನ ಹಾಕಲು ತೋಟದೊಳಗೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ.

ನೆರೆಯವರೊಂದಿಗೆ ಮಾತು

"ನಾಯಿಗೇನು, ಎಲ್ಲೋ ತಿಂದು ಬದುಕಿಕೊಳ್ಳುತ್ತದೆ" ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳಿಂದ ಬಂದದ್ದು. ಬಿಟ್ಟ ನಾಯಿಯ ವಿಷಯದಲ್ಲಿ ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು. ಕಟ್ಟಿದ ನಾಯಿಗೆ ಅದು ಅನ್ವಯಿಸುವುದಿಲ್ಲ ಎಂಬುದು ಎಷ್ಟೋ ಜನರಿಗೆ ಹೊಳೆದಿರುವುದಿಲ್ಲ. ನಾನು ಕಂಡ ತೋಟದ ಯಜಮಾನರು ವಯಸ್ಸಾದವರು; ಕರೆಂಟು ಬಂದ ದಿನ ನೀರು ಬಿಡಲು ಬಂದಾಗ ಮಾತ್ರ ನಾಯಿಗೆ ಅನ್ನ ತರುತ್ತಿದ್ದರು. ಅವರಲ್ಲಿ ಕ್ರೌರ್ಯವಿರಲಿಲ್ಲ, ದಿನವೂ ಒಂದು ಮೈಲಿ ನಡೆಯುವ ಶಕ್ತಿಯೂ ಇರಲಿಲ್ಲ.

ಹಾಗಾಗಿ ತಪ್ಪು ತೋರಿಸುವ ಮಾತಿಗಿಂತ ಕೆಲಸ ಹಂಚಿಕೊಳ್ಳುವ ಮಾತು ಬೇಗ ಫಲ ಕೊಡುತ್ತದೆ. "ಅಣ್ಣಾ, ನಿಮ್ಮ ನಾಯಿ ಐದು ಮರಿ ಹಾಕೈತಲ್ಲ, ನಾನು ದಿನಾ ಹಿಂಗೇ ಹೋಗ್ತಿರ್ತೀನಿ, ಒಂದೊಂದು ತುತ್ತು ಹಾಕಿ ಹೋಗ್ಲಾ?" ಎಂದು ಕೇಳಿದಾಗ ಅವರು "ಹಾಕಪ್ಪ, ಅದಕ್ಕೇನು ಕೇಳ್ತೀಯ" ಎಂದರು. ಮಾರನೆಯ ದಿನ ನೀರಿನ ತೊಟ್ಟಿ ಇಡಲು, ವಾರದ ಬಳಿಕ ಸರಪಳಿ ಉದ್ದ ಮಾಡಲು, ತಿಂಗಳ ಬಳಿಕ ಜಂತುಹುಳದ ಔಷಧಿಗೆ, ಕೊನೆಯಲ್ಲಿ ಸಂತಾನಹರಣದ ಆಪರೇಷನ್‌ಗೆ ಹೀಗೆ ಒಂದೊಂದಕ್ಕೂ ಬೇರೆ ಬೇರೆಯಾಗಿ ಒಪ್ಪಿಗೆ ಪಡೆಯುವುದು ಒಂದೇ ಸಲ ಎಲ್ಲವನ್ನೂ ಕೇಳುವುದಕ್ಕಿಂತ ಸುಲಭ. ಖರ್ಚು ಯಾರದು ಎಂಬುದನ್ನು ಮೊದಲೇ ಬಿಚ್ಚಿ ಹೇಳಿದರೆ ಇನ್ನೂ ಒಳ್ಳೆಯದು.

ತಾಯಿಯ ಹೊಟ್ಟೆ ತುಂಬಿದರೆ

ಕರೆಯುವ ಹಸುವಿಗೆ ಒಣಹುಲ್ಲು ಸಾಲದು, ಹಿಂಡಿ ಬೂಸಾ ಬೇಕು ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಲೂಡುವ ನಾಯಿಯ ಲೆಕ್ಕವೂ ಇದೇ, ಆದರೆ ಇನ್ನಷ್ಟು ಕಠಿಣ. ಹಸುವಿನ ಹಾಲಿಗೆ ಹೋಲಿಸಿದರೆ ನಾಯಿಯ ಹಾಲಿನಲ್ಲಿ ಕೊಬ್ಬೂ ಪ್ರೋಟೀನೂ ಎರಡು ಪಟ್ಟಿಗಿಂತ ಹೆಚ್ಚು. ಐದಾರು ಮರಿಗಳು ಮೂರು ನಾಲ್ಕು ವಾರದವಾದಾಗ ಹಾಲಿನ ಬೇಡಿಕೆ ತುತ್ತತುದಿಗೆ ಏರುತ್ತದೆ; ಆಗ ತಾಯಿಗೆ ಎಂದಿನ ಆಹಾರದ ಎರಡರಿಂದ ನಾಲ್ಕು ಪಟ್ಟು ಬೇಕಾಗುತ್ತದೆ. ಅಷ್ಟು ಸಿಗದಿದ್ದರೆ ಅವಳ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿ ಹಾಲು ಮಾಡುತ್ತದೆ. ಬೆನ್ನೆಲುಬಿನ ಗಂಟುಗಳು, ಪಕ್ಕೆಲುಬುಗಳು, ಸೊಂಟದ ಮೂಳೆಗಳು ಎದ್ದು ಕಾಣುವುದು ಈ ಕಾರಣದಿಂದ.

ಮುದ್ದೆ ಅಥವಾ ಅನ್ನದಿಂದ ಹೊಟ್ಟೆ ತುಂಬುತ್ತದೆ, ಹಾಲಿಗೆ ಬೇಕಾದ ಪ್ರೋಟೀನ್ ಮತ್ತು ಕೊಬ್ಬು ಸಿಗುವುದಿಲ್ಲ. ಅದರ ಜೊತೆಗೆ ದಿನಕ್ಕೆ ಎರಡು ಮೂರು ಬೇಯಿಸಿದ ಮೊಟ್ಟೆ, ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಈಲಿ ಮತ್ತು ಗುಂಡಿಗೆಯನ್ನು ಬೇಯಿಸಿದ್ದು, ಕರಾವಳಿಯವರಾದರೆ ಮುಳ್ಳು ತೆಗೆದ ಮೀನು, ಮಾಂಸ ಮುಟ್ಟದ ಮನೆಯವರಾದರೆ ಗಟ್ಟಿ ಮೊಸರು ಮತ್ತು ಚೆನ್ನಾಗಿ ಬೆಂದ ಬೇಳೆ, ಒಂದು ಚಮಚ ಎಣ್ಣೆ ಇವನ್ನು ಕಲಸಿ ಕೊಡಬಹುದು. ಮರಿನಾಯಿಗಳಿಗಾಗಿ ತಯಾರಿಸಿದ ಅಂಗಡಿಯ ಒಣ ಆಹಾರ ಹಾಲೂಡುವ ತಾಯಿಗೂ ತಕ್ಕುದು. ಬಹುದಿನ ಹಸಿದ ನಾಯಿಗೆ ಮೊದಲ ದಿನವೇ ತಟ್ಟೆ ತುಂಬ ಹಾಕಿದರೆ ವಾಂತಿ ಭೇದಿ ಆಗುತ್ತದೆ. ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಸಲ ಕೊಟ್ಟು ನಾಲ್ಕೈದು ದಿನಗಳಲ್ಲಿ ಪ್ರಮಾಣ ಏರಿಸಬೇಕು. ಹಾಲಿನ ಮುಕ್ಕಾಲು ಪಾಲು ನೀರೇ ಆದ್ದರಿಂದ ನೀರಿನ ಪಾತ್ರೆ ಎಂದೂ ಬರಿದಾಗಬಾರದು. ಮರಿ ಬಿದ್ದರೆ ಮುಳುಗದಷ್ಟು ತಗ್ಗಿನ, ಉರುಳದಷ್ಟು ಭಾರದ ಕಲ್ಲಿನ ಅಥವಾ ಸಿಮೆಂಟಿನ ಬಾನಿ ಇದಕ್ಕೆ ಸೂಕ್ತ.

ಉಳಿದ ಸಾರನ್ನು ಅನ್ನಕ್ಕೆ ಕಲಸಿ ಹಾಕುವ ರೂಢಿಯನ್ನು ಮಾತ್ರ ಕೈಬಿಡಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ; ಉಣ್ಣೆ ಮತ್ತು ಕೊಕ್ಕೆಹುಳದಿಂದ ಮೊದಲೇ ರಕ್ತಹೀನವಾಗಿರುವ ಹಳ್ಳಿಯ ನಾಯಿಗೆ ಅದು ಇಮ್ಮಡಿ ಹಾನಿ. ಬೆಂದ ಮೂಳೆ ಚೂಪಾಗಿ ಸಿಗಿದು ಕರುಳನ್ನು ಚುಚ್ಚಬಹುದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.

ತಾಯಿಯಲ್ಲಿ ಎರಡು ಅಪಾಯಗಳನ್ನು ಗಮನಿಸುತ್ತಿರಬೇಕು. ಒಂದು ಕೆಚ್ಚಲು ಬಾವು: ಮೊಲೆ ಬಿಸಿಯಾಗಿ, ಗಟ್ಟಿಯಾಗಿ, ಕೆಂಪು ಇಲ್ಲವೆ ನೀಲಿ ಬಣ್ಣಕ್ಕೆ ತಿರುಗುತ್ತದೆ, ನೋವಿನಿಂದ ತಾಯಿ ಮರಿಗಳನ್ನು ಕುಡಿಯಲು ಬಿಡುವುದಿಲ್ಲ. ಇನ್ನೊಂದು ಹಾಲು ಜ್ವರ. ಹಸುವಿನಲ್ಲಿ ಇದು ಬಂದರೆ ಮೈ ತಣ್ಣಗಾಗಿ ಎದ್ದು ನಿಲ್ಲಲಾರದೆ ಮಲಗಿಬಿಡುವುದನ್ನು ರೈತರು ಕಂಡಿದ್ದಾರೆ. ಕಾರಣ ನಾಯಿಯಲ್ಲೂ ಅದೇ: ರಕ್ತದ ಕ್ಯಾಲ್ಸಿಯಂ ಹಾಲಿನಲ್ಲಿ ಹರಿದುಹೋಗುವುದು. ಲಕ್ಷಣ ಮಾತ್ರ ತದ್ವಿರುದ್ಧ. ನಾಯಿ ತಳಮಳಿಸುತ್ತದೆ, ಏದುಸಿರು ಬಿಡುತ್ತದೆ, ಕಾಲುಗಳು ಸೆಟೆಯುತ್ತವೆ, ಮೈ ನಡುಗಿ ಸುಡುತ್ತದೆ, ಕೊನೆಗೆ ಫಿಟ್ಸ್ ಬರುತ್ತದೆ. ಹೆಚ್ಚಾಗಿ ಮರಿ ಹಾಕಿದ ಮೊದಲ ನಾಲ್ಕು ವಾರಗಳಲ್ಲಿ ಕಾಣಿಸುವ ಇದು ಗಂಟೆಗಳಲ್ಲಿ ಪ್ರಾಣ ತೆಗೆಯಬಲ್ಲದು; ಪಶುವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಅಷ್ಟೇ ಬೇಗ ಚೇತರಿಕೆಯೂ ಆಗುತ್ತದೆ. ಹೀಗಿದೆಯೆಂದು ಗರ್ಭದ ದಿನಗಳಲ್ಲೇ ದನದ ಕ್ಯಾಲ್ಸಿಯಂ ಟಾನಿಕ್ ಕುಡಿಸಬಾರದು. ಹೊರಗಿನಿಂದ ಧಾರಾಳವಾಗಿ ಸಿಕ್ಕಾಗ ದೇಹ ತನ್ನ ಮೂಳೆಗಳಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ಅಭ್ಯಾಸವನ್ನು ಕಳೆದುಕೊಳ್ಳುತ್ತದೆ, ಮರಿ ಹಾಕಿದ ಮೇಲೆ ಹಾಲು ಜ್ವರ ಬರುವ ಸಾಧ್ಯತೆ ಹೆಚ್ಚುತ್ತದೆ.

ಮರಿಗಳ ಮೊದಲ ಮೂರು ವಾರ

ಹುಟ್ಟಿದ ಮರಿ ಕುರುಡು, ಕಿವುಡು. ಜೊತೆಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಕಣ್ಣು ಬಿಡುವುದು 10ರಿಂದ 14ನೇ ದಿನಕ್ಕೆ, ಕಿವಿ ಅದರ ಬೆನ್ನಿಗೆ. ಅಲ್ಲಿಯವರೆಗೆ ಚಳಿಗೆ ಸಿಕ್ಕ ಮರಿ ಹಸಿವಿಗಿಂತ ಮೊದಲು ತಣುಪಿನಿಂದ ಸಾಯುತ್ತದೆ. ಮೈ ತಣ್ಣಗಾದಾಗ ಕರುಳಿನ ಚಲನೆ ನಿಲ್ಲುವುದರಿಂದ, ತಣ್ಣಗಿರುವ ಮರಿಗೆ ಹಾಲು ಕುಡಿಸಿದರೆ ಅದು ಜೀರ್ಣವಾಗದೆ ಕೆಡುತ್ತದೆ. ಆದ್ದರಿಂದ ಮರಿಯ ಬಾಯೊಳಗೆ ಬೆರಳಿಟ್ಟು ನೋಡಬೇಕು. ತಣ್ಣಗಿದ್ದರೆ ಮೊದಲು ಮೈಗವುಚಿಕೊಂಡೋ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕದಲ್ಲಿಟ್ಟೋ ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ತಾಯಿಯ ಮೊಲೆಗೆ ಹಚ್ಚಬೇಕು.

ಮೊದಲ ಮೂರು ವಾರ ಮರಿಗಳು ತಾವಾಗಿ ಮೂತ್ರ, ಮಲ ವಿಸರ್ಜಿಸಲಾರವು. ತಾಯಿ ನೆಕ್ಕಿದಾಗಲೇ ಅದು ಆಗುವುದು. ಹುಟ್ಟಿದ ಮೊದಲ ದಿನ ಕುಡಿದ ಗಿಣ್ಣುಹಾಲಿನಿಂದ ರೋಗನಿರೋಧಕ ಶಕ್ತಿಯೂ ಅವಳಿಂದಲೇ ಬರುವುದು. ಮರಿಗಳನ್ನು ಬೇರ್ಪಡಿಸಿ ಸಾಕುತ್ತೇವೆ ಎಂದು ಹೊರಟವರು ಈ ಎಲ್ಲ ಕೆಲಸವನ್ನೂ ಹಗಲು ರಾತ್ರಿ ಎರಡು ಮೂರು ಗಂಟೆಗೊಮ್ಮೆ ತಾವೇ ಮಾಡಬೇಕಾಗುತ್ತದೆ. ತಾಯಿಯೇ ಇಲ್ಲದಾಗ ಅನಿವಾರ್ಯವಾಗಿ ಹಾಲೂಡಿಸುವವರು ಮರಿಯನ್ನು ಕೂಸಿನಂತೆ ಅಂಗಾತ ಮಲಗಿಸಬಾರದು. ಹೊಟ್ಟೆಯ ಮೇಲೆ ಮಲಗಿಸಿ ತಲೆಯನ್ನು ತುಸು ಎತ್ತಿ ಕುಡಿಸಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಬರೀ ಹಸುವಿನ ಹಾಲು ಇಲ್ಲಿ ಸಾಲದು, ಮರಿಗಳಿಗೆಂದೇ ಇರುವ ಹಾಲಿನ ಪುಡಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ.

ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ತೊರೆಯುತ್ತದೆ ಎಂಬ ಮಾತು ನಾಯಿಗಳ ಮಟ್ಟಿಗೆ ನಿಜವಲ್ಲ. ಆದರೆ ಜನ ಮೇಲಿಂದ ಮೇಲೆ ಬಂದು ನೋಡಿದರೆ ತಾಯಿ ಗಾಬರಿಯಾಗಿ ಮರಿಗಳನ್ನು ಕಚ್ಚಿಕೊಂಡು ಜಾಗ ಬದಲಿಸಲು ಹವಣಿಸುತ್ತದೆ.

ಹಾಸಿಗೆಗೆ ಒಣಗಿದ ನೆಲ್ಲುಹುಲ್ಲು ಅಥವಾ ಒಗೆದ ಗೋಣಿತಾಟು ಸಾಕು, ಗೊಬ್ಬರ ಅಥವಾ ಕೀಟನಾಶಕ ತುಂಬಿದ್ದ ಚೀಲ ಬೇಡ. ಸರಪಳಿಯನ್ನು ಗೂಟದ ಬದಲು ಎರಡು ಮರಗಳ ನಡುವೆ ಬಿಗಿದ ತಂತಿಗೆ ಜಾರುವಂತೆ ಸಿಕ್ಕಿಸಿದರೆ ನಾಯಿಯ ಓಡಾಟದ ಜಾಗ ಹಲವು ಪಟ್ಟು ಹೆಚ್ಚುತ್ತದೆ; ಮರಿಗಳು ಎಳೆಯವಾಗಿರುವಾಗ ಸರಪಳಿಯನ್ನೇ ಬಿಚ್ಚಲು ಒಪ್ಪಿದರೆ ಅದಕ್ಕಿಂತ ಉತ್ತಮವಿಲ್ಲ, ಏಕೆಂದರೆ ಅದು ಮರಿಗಳ ಕುತ್ತಿಗೆಗೆ ಸುತ್ತಿಕೊಳ್ಳುವುದುಂಟು. ತಿಪಟೂರಿನ ಆ ತೋಟದಲ್ಲಿ ಅಂದು ಮಾಡಿದ್ದು ತೀರ ಸಣ್ಣ ಕೆಲಸ. ಮೋಟಾರು ಮನೆ ಕಟ್ಟಿ ಉಳಿದಿದ್ದ ಇಟ್ಟಿಗೆಗಳನ್ನು ಗೋಡೆಯ ಮೂಲೆಗೆ ಅರ್ಧ ವೃತ್ತವಾಗಿ ಎರಡು ಸಾಲು ಜೋಡಿಸಿದೆವು. ತಾಯಿ ಸಲೀಸಾಗಿ ದಾಟುವ, ಮರಿ ತೆವಳಿ ಹತ್ತಲಾರದ ಎತ್ತರ ಅದು. ಹೊರಗುಳಿದಿದ್ದ ಮರಿಯನ್ನು ಒಳಗಿಟ್ಟಾಗ ತಾಯಿ ಅದನ್ನು ಬಹಳ ಹೊತ್ತು, ತಿರುಗಿಸಿ ತಿರುಗಿಸಿ ನೆಕ್ಕಿತು.

ಹೊಟ್ಟೆ ತುಂಬಿದ ಮರಿಗಳು ಒಂದರ ಮೇಲೊಂದು ಬಿದ್ದು ನಿದ್ರಿಸುತ್ತವೆ. ನಿದ್ದೆಯಲ್ಲಿ ಮೈ ಅದುರುವುದು ಸಹಜ, ಅದು ಕಾಯಿಲೆಯಲ್ಲ. ಬಿಡದೆ ಕುಂಯ್‌ಗುಡುವ, ಗುಂಪಿನಿಂದ ದೂರ ಬಿದ್ದಿರುವ ಮರಿಯ ಕಡೆ ಗಮನವಿರಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿದರೆ ಊಹೆಯ ಅಗತ್ಯವೇ ಇಲ್ಲ. ಆರೋಗ್ಯವಂತ ಮರಿಯ ತೂಕ ದಿನದಿನಕ್ಕೂ ಏರಿ, ಹತ್ತು ದಿನದ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟಾಗುತ್ತದೆ.

ಹುಳ, ಉಣ್ಣೆ, ಪಾರ್ವೊ

ದುಂಡುಹುಳದ ಮರಿಗಳು ತಾಯಿಯ ಗರ್ಭದಲ್ಲೇ ನಾಯಿಮರಿಯ ದೇಹ ಸೇರುತ್ತವೆ, ಹಾಲಿನ ಮೂಲಕವೂ ಹೋಗುತ್ತವೆ. ಹಳ್ಳಿಯಲ್ಲಿ ಕಾಣುವ ಡೊಳ್ಳುಹೊಟ್ಟೆಯ, ಕಡ್ಡಿಕಾಲಿನ ಮರಿಯ ಹೊಟ್ಟೆಯಲ್ಲಿ ಇರುವುದು ಹೆಚ್ಚಾಗಿ ಇದೇ ಹುಳ. ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ ಮರಿಗಳಿಗೂ ತಾಯಿಗೂ ಒಟ್ಟಿಗೆ ಔಷಧಿ ಹಾಕಬೇಕು. ಪ್ರಮಾಣ ತೂಕದ ಮೇಲೆ ನಿರ್ಧಾರವಾಗುವುದರಿಂದ ಪಶುವೈದ್ಯರನ್ನು ಕೇಳಬೇಕು. ಈ ಹುಳದ ಮೊಟ್ಟೆಗಳು ಮಣ್ಣಿನ ಮೂಲಕ ಮಕ್ಕಳ ದೇಹಕ್ಕೂ ಸೇರಿ ಕಣ್ಣಿಗೆ ಹಾನಿ ಮಾಡಬಲ್ಲವು. ನಾಯಿಯ ಮಲವನ್ನು ಕೂಡಲೇ ಆಳವಾಗಿ ಹೂಳಬೇಕೆನ್ನುವುದು ಅದಕ್ಕಾಗಿ.

ಉಣ್ಣೆ, ಚಿಗಟಗಳು ಎಳೆಯ ಮರಿಯ ರಕ್ತವನ್ನು ಪ್ರಾಣ ಹೋಗುವಷ್ಟು ಹೀರಬಲ್ಲವು. ದನಗಳ ಮೈಗೆ ಸಿಂಪಡಿಸುವ ಉಣ್ಣೆಯ ಔಷಧಿಯನ್ನು ಅವುಗಳಿಗೆ ಹಚ್ಚಬಾರದು. ಸಣ್ಣ ಹಲ್ಲಿನ ಬಾಚಣಿಗೆ, ಚಿಮುಟಿಗೆ, ಒಂದು ಬಟ್ಟಲು ಸೋಪಿನ ನೀರು ಇವೇ ಸುರಕ್ಷಿತ. ಮನುಷ್ಯರ ನೋವಿನ ಮಾತ್ರೆಗಳೂ ನಾಯಿಗೆ ಅಪಾಯಕಾರಿ.

ಪಾರ್ವೊ 1978ರ ಹೊತ್ತಿಗೆ ಜಗತ್ತಿನಾದ್ಯಂತ ಕಾಣಿಸಿಕೊಂಡ ವೈರಸ್ ರೋಗ. ಮರಿ ಮಂಕಾಗಿ, ವಾಂತಿ ಮಾಡಿ, ದುರ್ನಾತದ ರಕ್ತಭೇದಿಯಿಂದ ಎರಡು ಮೂರು ದಿನಗಳಲ್ಲಿ ಸಾಯಬಹುದು. ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿಕೊಂಡು ಊರೂರು ಸುತ್ತುತ್ತದೆ. ಇದಕ್ಕೆ ಲಸಿಕೆಯನ್ನು ಆರರಿಂದ ಎಂಟನೆಯ ವಾರಕ್ಕೆ ಆರಂಭಿಸಿ, 16ನೇ ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ಒಂದೇ ಸಲ ಏಕೆ ಸಾಲದು? ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿರುವವರೆಗೆ ಅದು ಲಸಿಕೆಯನ್ನೂ ರೋಗವೆಂದೇ ತಿಳಿದು ಅಳಿಸಿಹಾಕುತ್ತದೆ. ಆ ರಕ್ಷಣೆ ಯಾವ ಮರಿಯಲ್ಲಿ ಯಾವ ವಾರ ಮುಗಿಯುತ್ತದೆಂದು ಹೊರಗಿನಿಂದ ಗೊತ್ತಾಗದು. ಹಾಗಾಗಿ ಒಂದಲ್ಲ ಒಂದು ಡೋಸ್ ನಾಟಲೆಂದು ಸಾಲಾಗಿ ಕೊಡುವುದು.

ನೆರವಾಗುವವರ ಸುರಕ್ಷತೆ

ಮರಿ ಹಾಕಿದ ತಾಯಿ ಎಷ್ಟೇ ಸಾಧುವಾಗಿದ್ದರೂ ಕಚ್ಚಬಹುದು. ಮೊದಲ ದಿನಗಳಲ್ಲಿ ಆಹಾರವನ್ನು ದೂರದಲ್ಲಿಟ್ಟು ಹಿಂದೆ ಸರಿಯಬೇಕು. ನೇರವಾಗಿ ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಮರಿಗಳ ಮತ್ತು ತಾಯಿಯ ನಡುವೆ ನಿಲ್ಲದೆ, ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕುಳಿತರೆ ಅವಳ ಅಂಜಿಕೆ ಇಳಿಯುತ್ತದೆ.

ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಅಪರೂಪ, ಲಕ್ಷಣಕ್ಕೆ ಮೊದಲು ಲಸಿಕೆ ಪಡೆದರೆ ಅದನ್ನು ಪೂರ್ತಿಯಾಗಿ ತಡೆಯಬಹುದು. ಮುದ್ದಾಡುವಾಗ ಮರಿಯ ಹಲ್ಲು ತಾಗಿದರೂ, ಲಸಿಕೆ ಹಾಕದ ನಾಯಿಯ ಉಗುರು ಪರಚಿದರೂ ಅದನ್ನು ಕಡಿತವೆಂದೇ ತಿಳಿಯಬೇಕು. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಶಿನ, ಖಾರದ ಪುಡಿ ಯಾವುದನ್ನೂ ಹಚ್ಚದೆ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ತೋಳಿನ ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನದ ನಂತರ 3, 7 ಮತ್ತು 28ನೇ ದಿನಕ್ಕೆ ತಪ್ಪದೆ ಪಡೆಯಬೇಕು. ರಕ್ತ ಬಂದ ಗಾಯಕ್ಕೆ ಅದರ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ರೋಗನಿರೋಧಕವನ್ನು ಗಾಯದ ಸುತ್ತ ಚುಚ್ಚುತ್ತಾರೆ, ಏಕೆಂದರೆ ಲಸಿಕೆ ಕೆಲಸ ಆರಂಭಿಸುವವರೆಗಿನ ದಿನಗಳನ್ನು ಅದು ಕಾಯುತ್ತದೆ. ಮಕ್ಕಳು ಬೈಗುಳಕ್ಕೆ ಹೆದರಿ ಪರಚಿದ್ದನ್ನು ಮುಚ್ಚಿಡುತ್ತಾರೆ; ಮರಿಗಳೊಂದಿಗೆ ಆಡುವ ಮಕ್ಕಳ ಕೈಕಾಲುಗಳನ್ನು ಸಂಜೆ ಒಮ್ಮೆ ನೋಡುವುದು ಹಿರಿಯರ ಕೆಲಸ. ನಾಯಿಗೆ ರೇಬೀಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ, ಆಮೇಲೆ ವರ್ಷಕ್ಕೊಮ್ಮೆ.

ಎಂಟು ವಾರಗಳ ನಂತರ

ನಾಲ್ಕನೆಯ ವಾರಕ್ಕೆ ಹಲ್ಲು ಮೂಡಿದ ಮರಿಗಳಿಗೆ ಮೆತ್ತಗೆ ಕಿವುಚಿದ ಅನ್ನ, ಮೊಟ್ಟೆ ಕೊಡಲು ಆರಂಭಿಸಿದರೆ ತಾಯಿಯ ಹೊರೆ ಇಳಿಯುತ್ತದೆ. ಎಂಟು ವಾರ ತುಂಬುವ ಮೊದಲು ಮರಿಗಳನ್ನು ಬೇರೆ ಮನೆಗೆ ಕೊಡಬಾರದು. ಎಷ್ಟು ಬಲವಾಗಿ ಕಚ್ಚಿದರೆ ನೋವಾಗುತ್ತದೆಂಬುದನ್ನೂ ಅವು ಒಡಹುಟ್ಟಿದ ಮರಿಗಳಿಂದಲೇ ಕಲಿಯುತ್ತವೆ. ಗಂಡುಮರಿಗಳನ್ನು ಕೇಳಿಕೊಂಡು ಬರುವವರಿರುತ್ತಾರೆ. ಹೆಣ್ಣುಮರಿಗಳನ್ನು ಚೀಲಕ್ಕೆ ತುಂಬಿ ಸಂತೆಮಾಳದಲ್ಲೋ ಹೆದ್ದಾರಿಯ ಪಕ್ಕದಲ್ಲೋ ಬಿಟ್ಟುಬರುವುದು ಎಲ್ಲರಿಗೂ ಗೊತ್ತಿರುವ, ಯಾರೂ ಮಾತಾಡದ ಸಂಗತಿ. ಹಾಗೆ ತೊರೆಯುವುದೂ 1960ರ ಕಾಯ್ದೆಯಡಿ ಅಪರಾಧವೇ. "ಆರು ತಿಂಗಳಾದಾಗ ಆಪರೇಷನ್ ನಾನೇ ಮಾಡಿಸಿಕೊಡುತ್ತೇನೆ" ಎಂಬ ಭರವಸೆ ಕೊಟ್ಟರೆ ಹೆಣ್ಣುಮರಿಯನ್ನೂ ಒಪ್ಪಿಕೊಳ್ಳುವ ಮನೆಗಳು ಸಿಗುತ್ತವೆ.

ತಾಯಿಯ ಆಪರೇಷನ್‌ಗೆ ತಕ್ಕ ಕಾಲವನ್ನು ಹೀಗೆ ಲೆಕ್ಕ ಹಾಕಬಹುದು. ಹೆಣ್ಣುನಾಯಿ ಸರಾಸರಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರಬಲ್ಲದು. ಅದರಲ್ಲಿ ಎರಡು ತಿಂಗಳು ಗರ್ಭಕ್ಕೆ ಹೋದರೆ, ಮರಿ ಹಾಕಿದ ನಾಲ್ಕೈದು ತಿಂಗಳಿಗೆ ಮುಂದಿನ ಬೆದೆ. ಮರಿಗಳು ಹಾಲು ಬಿಟ್ಟು ಕೆಚ್ಚಲು ಬತ್ತಲು ಎರಡು ತಿಂಗಳು ಬೇಕು. ಉಳಿಯುವುದು ಎರಡನೆಯ ತಿಂಗಳ ಕೊನೆಯಿಂದ ನಾಲ್ಕನೆಯ ತಿಂಗಳವರೆಗಿನ ಅವಧಿ. ಅಂಡಾಶಯ ಮತ್ತು ಗರ್ಭಕೋಶವನ್ನು ತೆಗೆಯುವ ಈ ಶಸ್ತ್ರಚಿಕಿತ್ಸೆಯಿಂದ ಮುಂದೆ ಗರ್ಭಕೋಶ ಕೀವುಗಟ್ಟುವ ಮಾರಕ ಕಾಯಿಲೆಯೂ ತಪ್ಪುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುನಾಯಿಯ ಸಂತಾನಹರಣ ಮತ್ತು ಲಸಿಕೆಯ ಹೊಣೆಯನ್ನು ಯಜಮಾನರಿಗೇ ವಹಿಸಿವೆ.

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆಯೇ ಎಂದು ಮೊದಲು ವಿಚಾರಿಸಬೇಕು. ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಗದಗ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳಿವೆ. ತುರ್ತಿಗೆ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಗೆ ಕರೆ ಮಾಡಬಹುದು. ಆಪರೇಷನ್ನಿನ ಹಿಂದಿನ ರಾತ್ರಿಯಿಂದ ಆಹಾರ ಕೊಡುವಂತಿಲ್ಲ. ಮನೆಗೆ ತಂದ ಮೇಲೆ ಹತ್ತರಿಂದ ಹದಿನಾಲ್ಕು ದಿನ, ಹೊಲಿಗೆ ಕೂಡುವವರೆಗೆ, ನಾಯಿಯನ್ನು ತೋಟದ ಕೆಸರಿನಿಂದ ದೂರ, ಒಣನೆಲದಲ್ಲಿ ಇರಿಸಿ, ಗಾಯ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ ಹಾಕಿದರೂ ಸಾಕು. ಗಾಯದಲ್ಲಿ ಊತ, ಕೀವು ಅಥವಾ ನೊಣ ಕೂತದ್ದು ಕಂಡರೆ ಅಂದೇ ವೈದ್ಯರಿಗೆ ತೋರಿಸಬೇಕು. ಹಳ್ಳಿಯ ಸೆಕೆಗೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ.